ಹೆಂಡತಿ ಮನೆ ಬಿಟ್ಟು ಹೊರಟರೆ ಬಳುವಳಿ ಯಾರದು? ಹಳೆಯ ಚೀನಾದ ಕಾನೂನು ಹೇಳಿದ್ದು

ಪ್ರಶ್ನೆ: ಚೀನಾದ ಐತಿಹಾಸಿಕ ಧಾರಾವಾಹಿಗಳಲ್ಲಿ ಗಂಡನ ಮನೆಯವರೊಂದಿಗೆ ಹೊಂದಾಣಿಕೆಯಾಗದ ಹೆಂಡತಿ ಬಳುವಳಿಯ ಪಟ್ಟಿ ತೆಗೆಸಿ, ಪೆಟ್ಟಿಗೆ, ಒಡವೆ, ಹೊಲದ ಪತ್ರ ಎಲ್ಲವನ್ನೂ ಲೆಕ್ಕ ಹಾಕಿಸಿಕೊಂಡು ತವರಿಗೆ ಹೊರಟುಬಿಡುತ್ತಾಳೆ. ನಾವು ಓದಿಕೊಂಡು ಬಂದಿರುವ ಚಿತ್ರ ಬೇರೆ. ಪಾದ ಬೆಳೆಯದಂತೆ ಕಾಲು ಕಟ್ಟಿಸಿಕೊಂಡು, ಹೊಸ್ತಿಲು ದಾಟದೆ, ಗಂಡ ಸತ್ತರೆ ಮರುಮದುವೆಯೂ ಇಲ್ಲದೆ ಸವೆದವರು ಅಂತ. ಯಾವುದು ನಿಜ? ನಮ್ಮ ಸ್ತ್ರೀಧನದಂಥದ್ದು ಅಲ್ಲೂ ಇತ್ತೇ?

ಉತ್ತರ: ಎರಡೂ ನಿಜ, ಆದರೆ ಎರಡೂ ಒಂದೇ ಕಾಲದವಲ್ಲ. ಹಾಗಾಗಿ ಮೊದಲು ಕೇಳಬೇಕಾದದ್ದು, ಆ ಕಥೆ ನಡೆಯುವುದು ಯಾವ ರಾಜವಂಶದ ಕಾಲದಲ್ಲಿ ಎಂದು. ಗಡಿಗೆರೆಯಾಗಿ ಒಂದೇ ವರ್ಷ ಹೇಳಿ ಎಂದರೆ ನಾನು 1303 ಎನ್ನುತ್ತೇನೆ. ಆವರೆಗೆ ಗಂಡ ಸತ್ತ ಹೆಂಗಸಾಗಲಿ, ಗಂಡನಿಂದ ಬೇರೆಯಾದವಳಾಗಲಿ ತಾನು ತಂದ ಬಳುವಳಿಯನ್ನು ತಾನೇ ಹೊತ್ತುಕೊಂಡು ಹೋಗಬಹುದಿತ್ತು. ಆ ವರ್ಷ ಮಂಗೋಲರ ಯುವಾನ್ ಸರ್ಕಾರ ಒಂದು ಆಜ್ಞೆ ಹೊರಡಿಸಿತು: ವಿಚ್ಛೇದನೆಯಾದವಳಿರಲಿ, ವಿಧವೆಯಿರಲಿ, ಇನ್ನೊಬ್ಬನನ್ನು ಮದುವೆಯಾಗಲು ಹೊರಟರೆ ಅವಳ ಬಳುವಳಿ ಮೊದಲ ಗಂಡನ ಮನೆಯ ವಶದಲ್ಲೇ ಉಳಿಯಬೇಕು. ಮುಂದೆ ಬಂದ ಮಿಂಗ್ ಮತ್ತು ಚಿಂಗ್ ಅರಸರು ಮಂಗೋಲರ ಎಷ್ಟೋ ಪದ್ಧತಿಗಳನ್ನು ಬೈದು ಬದಿಗಿಟ್ಟರು, ಇದನ್ನು ಮಾತ್ರ ಜೋಪಾನವಾಗಿ ಉಳಿಸಿಕೊಂಡರು.

ಹಿಂದೆ ಹೋದಷ್ಟೂ ಹೆಣ್ಣಿನ ಸ್ಥಿತಿ ಕೆಟ್ಟದಿತ್ತು, ಈಚೆಗೆ ಬಂದಷ್ಟೂ ಸುಧಾರಿಸಿತು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಚೀನಾದ ಆಸ್ತಿ ಕಾನೂನಿನ ಮಟ್ಟಿಗೆ ಅದು ತಲೆಕೆಳಗು. 12ನೇ ಶತಮಾನದ ಹೆಂಗಸಿಗೆ ಇದ್ದ ಹಕ್ಕು 18ನೇ ಶತಮಾನದವಳಿಗೆ ಇರಲಿಲ್ಲ.

ಸೊಂಗ್ ರಾಜವಂಶದಿಂದಲೇ (960–1279) ಶುರುಮಾಡುತ್ತೇನೆ, ನೀವು ನೋಡುವ ಧಾರಾವಾಹಿಗಳಲ್ಲಿ ಬಹಳಷ್ಟು ಈ ಕಾಲದವೇ ಇರಬೇಕು. ಅಲ್ಲಿನ ಅವಿಭಕ್ತ ಕುಟುಂಬದಲ್ಲಿ ತಂದೆಯ ಆಸ್ತಿ ಗಂಡುಮಕ್ಕಳಿಗೆ ಸಮಪಾಲು. ಹಿರಿಯನಿಗೆ ಹೆಚ್ಚು ಎಂಬ ಮಾತಿಲ್ಲ. ಆದರೆ ಅಣ್ಣತಮ್ಮಂದಿರು ಪಾಲಾಗುವಾಗ ಅವರವರ ಹೆಂಡತಿಯರು ತವರಿನಿಂದ ತಂದ ಸ್ವತ್ತು ಪಾಲಿಗೆ ಬರುವುದಿಲ್ಲ ಎಂದು ಹಿಂದಿನ ತಾಂಗ್ ಕಾಲದ (618–907) ಶಾಸನವೇ ಹೇಳಿತ್ತು, ಸೊಂಗ್ ಅದನ್ನೇ ಮುಂದುವರಿಸಿತು. ಕೂಡು ಕುಟುಂಬದಲ್ಲಿ ಮಗನ ಗಳಿಕೆಯೆಲ್ಲ ಮನೆಯ ಒಟ್ಟು ಗಂಟಿಗೆ ಸೇರುವಾಗ, ಸೊಸೆಯ ಕೋಣೆಯಲ್ಲಿದ್ದ ಪೆಟ್ಟಿಗೆ ಮಾತ್ರ ಆ ಗಂಟಿನ ಹೊರಗೆ. ಗಂಡಸರು ಇದನ್ನು ಬಳಸಿಕೊಳ್ಳದೆ ಬಿಡುತ್ತಾರೆಯೇ? ತಮ್ಮ ದುಡ್ಡಿನಲ್ಲಿ ಹೊಲ ಕೊಂಡು ಹೆಂಡತಿಯ ಬಳುವಳಿ ಎಂದು ಬರೆಸುತ್ತಿದ್ದರು. ಯುವಾನ್ ತ್ಸಾಯ್ ಎಂಬ ಅಧಿಕಾರಿ 1178ರ ಸುಮಾರಿಗೆ ಬರೆದ ಗೃಹನೀತಿಯಲ್ಲಿ ಇಂಥವರನ್ನು ಎಚ್ಚರಿಸುತ್ತಾನೆ: ನೀನು ಸತ್ತ ಮೇಲೆ ಅವಳು ಬೇರೆಯವನನ್ನು ಮದುವೆಯಾದರೆ ಆ ಹೊಲವೂ ಅವಳ ಹಿಂದೆಯೇ ಹೋಗುತ್ತದೆ. ಅಂದರೆ ಹೆಂಡತಿ ಆಸ್ತಿಸಮೇತ ಹೊರಡುವುದು ಮಾಮೂಲಿ ಸಂಗತಿಯಾಗಿತ್ತು.

ಅದೇ ಯುವಾನ್ ತ್ಸಾಯ್ ಇನ್ನೊಂದು ಪದ್ಧತಿಯನ್ನೂ ಹೇಳುತ್ತಾನೆ. ಹೆಣ್ಣು ಮಗು ಹುಟ್ಟಿದ ಕೂಡಲೇ ಹತ್ತು ಸಾವಿರ ಫರ್ ಸಸಿ ನೆಡುವುದು, ಮಗಳು ಮದುವೆಗೆ ಬರುವಷ್ಟರಲ್ಲಿ ಮರ ಮಾರಿ ಬಳುವಳಿಗೆ ಹಣ ಹೊಂದಿಸುವುದು. ಬಳುವಳಿಯ ಹೊರೆ ಆಗ ಅಷ್ಟು ಏರಿತ್ತು. 11ನೇ ಶತಮಾನದ ಇತಿಹಾಸಕಾರ, ಮಂತ್ರಿ ಸಿಮಾ ಗುವಾಂಗ್ ಗೊಣಗುತ್ತಾನೆ: ಈಗಿನ ದುರಾಸೆಯ ಜನ ಸೊಸೆ ತರುವಾಗ ಮೊದಲು ಬಳುವಳಿ ಎಷ್ಟೆಂದು ಕೇಳುತ್ತಾರೆ, ಮಗಳನ್ನು ಕೊಡುವಾಗ ತೆರ (ಗಂಡಿನವರು ಹೆಣ್ಣಿನವರಿಗೆ ಕೊಡುವುದು) ಎಷ್ಟೆಂದು ಕೇಳುತ್ತಾರೆ, ಬಾಬತ್ತು ಬಾಬತ್ತಾಗಿ ಪತ್ರವನ್ನೇ ಬರೆಸಿಕೊಳ್ಳುತ್ತಾರೆ. (ಈ ಗೊಣಗಾಟಕ್ಕೆ ನಮ್ಮವರು ಅಡಿಟಿಪ್ಪಣಿ ಕೇಳುವುದಿಲ್ಲ.) ಮಂತ್ರಿ ಫಾನ್ ಝೊಂಗ್‌ಯಾನ್ 1050ರಲ್ಲಿ ತನ್ನ ವಂಶಸ್ಥರಿಗೆಂದು ಒಂದು ಧರ್ಮದತ್ತಿ ಕಟ್ಟಿದ. ಅದರ ನಿಯಮ ನೋಡಿ: ಮಗಳ ಮದುವೆಗೆ ದಾರಕ್ಕೆ ಪೋಣಿಸಿದ ನಾಣ್ಯಗಳ 30 ಸರ, ಮಗನ ಮದುವೆಗೆ 20. ಮಗಳು ಎರಡನೇ ಸಲ ಮದುವೆಯಾದರೆ ಮತ್ತೆ 20 ಸರ, ಮಗ ಎರಡನೇ ಸಲ ಆದರೆ ಏನೂ ಇಲ್ಲ. ಫಾನ್‌ನ ತಾಯಿಯೇ ವಿಧವೆಯಾಗಿ ಮರುಮದುವೆಯಾದವಳು, ಅವನು ಬೆಳೆದದ್ದು ಮಲತಂದೆಯ ಮನೆತನದ ಹೆಸರಿಟ್ಟುಕೊಂಡು. ಅದನ್ನು ಅವನಾಗಲಿ ಅವನ ಕಾಲದವರಾಗಲಿ ಕಳಂಕವೆಂದು ಭಾವಿಸಲಿಲ್ಲ.

ಸ್ತ್ರೀಧನದ ಪ್ರಶ್ನೆಗೆ ಇಲ್ಲಿಯೇ ಉತ್ತರ ಕೊಡುವುದು ಸರಿ. ಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥ ಬರೆದದ್ದು ಸರಿಸುಮಾರು ಇದೇ ಕಾಲದಲ್ಲಿ. ಅವನು ಸ್ತ್ರೀಧನವನ್ನು ತುಂಬ ಅಗಲವಾಗಿ ಕಂಡ. ತವರಿನ ಉಡುಗೊರೆಯಷ್ಟೇ ಅಲ್ಲ, ಪಿತ್ರಾರ್ಜಿತವಾಗಿ ಬಂದದ್ದು, ಕೊಂಡದ್ದು ಕೂಡ ಅದರೊಳಗೆ ಬಂತು. ಆಕೆ ತೀರಿಕೊಂಡರೆ ಮೊದಲ ಹಕ್ಕು ಹೆಣ್ಣುಮಕ್ಕಳಿಗೆ. ಚೀನಾದ ಬಳುವಳಿಯೂ ಹೆಣ್ಣಿನದೇ, ಆದರೆ ಹಕ್ಕು ಇಷ್ಟು ಗಟ್ಟಿಯಲ್ಲ. ಸೊಂಗ್ ನ್ಯಾಯಾಧೀಶರ ಮಾತಿನಲ್ಲಿ, ಅದಕ್ಕೆ ಗಂಡನೂ ಅವಳ ಜೊತೆಗೆ ಒಡೆಯ. ಅವಳು ಗಂಡನ ಮನೆಯಲ್ಲೇ ಸತ್ತರೆ ತವರಿನವರು ಹಿಂದಕ್ಕೆ ಕೇಳುವಂತಿಲ್ಲ. ಹೆಣ್ಣುಮಕ್ಕಳಿಗೆ ತಾಯಿಯ ಒಡವೆಯಲ್ಲಿ ಪಾಲು ಸಿಗುತ್ತಿದ್ದದ್ದು ಅವರ ಮದುವೆಯ ಬಳುವಳಿಯ ರೂಪದಲ್ಲಿ. ಸ್ತ್ರೀಧನಕ್ಕೆ ಅಲ್ಲಿ ಸೋದರ ಸಂಬಂಧಿ ಇತ್ತು, ಅವಳಿ ಇರಲಿಲ್ಲ ಎಂದುಕೊಳ್ಳಿ.

ತಂದೆಯ ಆಸ್ತಿಯಲ್ಲಿ ಮಗಳಿಗೆ ಪಾಲಿತ್ತೇ ಎಂಬುದು ಜಪಾನ್, ಚೀನಾ, ಅಮೆರಿಕದ ಇತಿಹಾಸಕಾರರು ದಶಕಗಳಿಂದ ಕಿತ್ತಾಡುತ್ತಿರುವ ವಿಷಯ. ಗಲಾಟೆಗೆಲ್ಲ ಮೂಲ 13ನೇ ಶತಮಾನದ ಒಂದು ತೀರ್ಪು. ಝೌ ಬಿಂಗ್ ಎಂಬಾತ ಸತ್ತಾಗ ಮಗಳಿಗೆ ಮದುವೆಯಾಗಿತ್ತು, ಹೆಂಡತಿ ಬಸುರಿ. ಆಮೇಲೆ ಗಂಡು ಹುಟ್ಟಿತು. ಅಳಿಯ ಅರ್ಧ ಆಸ್ತಿ ತನ್ನ ಕಡೆಗೆ ಬರಬೇಕೆಂದು ಹಟ ಹಿಡಿದ. ಕವಿಯೂ ಆಗಿದ್ದ ನ್ಯಾಯಾಧೀಶ ಲಿಯು ಕೆಝುವಾಂಗ್, ತಂದೆತಾಯಿ ಸತ್ತ ಮೇಲೆ ಪಾಲಾಗುವಾಗ ಮಗಳಿಗೆ ಮಗನ ಅರ್ಧದಷ್ಟು ಎಂದು ಕಾನೂನಿದೆ ಎಂದು ಹೇಳಿ, ಆಸ್ತಿಯನ್ನು ಮೂರು ಭಾಗ ಮಾಡಿಸಿ ಎರಡನ್ನು ತಂದೆ ಸತ್ತ ಮೇಲೆ ಹುಟ್ಟಿದ ಕೂಸಿಗೂ ಒಂದನ್ನು ಮಗಳಿಗೂ ಕೊಟ್ಟ. ಇಂಥ ಕಾನೂನು ನಿಜಕ್ಕೂ ದೇಶಕ್ಕೆಲ್ಲ ಅನ್ವಯಿಸುತ್ತಿತ್ತೇ ಎಂಬುದೇ ಜಗಳ. ನನ್ನ ಅಭಿಪ್ರಾಯ ಕೇಳಿದರೆ, ನ್ಯಾಯಾಧೀಶ ಇಷ್ಟು ಸಲೀಸಾಗಿ ‘ಕಾನೂನಿನಲ್ಲಿದೆ’ ಎನ್ನುವಾಗ ಅವನ ಮುಂದೆ ಏನೋ ಲಿಖಿತ ನಿಯಮ ಇದ್ದಿರಲೇಬೇಕು. ಹಳ್ಳಿಯ ಮನೆಗಳೆಲ್ಲ ಅದನ್ನು ಪಾಲಿಸುತ್ತಿದ್ದವು ಎಂದು ಮಾತ್ರ ನಾನು ನಂಬುವುದಿಲ್ಲ. ತಕರಾರಿಲ್ಲದ ಭಾಗವೂ ಇದೆ: ಗಂಡು ಸಂತಾನವಿಲ್ಲದೆ ಮನೆತನ ಅಳಿದರೆ ಮದುವೆಯಾಗದ ಹೆಣ್ಣುಮಕ್ಕಳಿಗೆ ಆಸ್ತಿ ಸೇರುತ್ತಿತ್ತು.

ಇದೆಲ್ಲ ಸೊಂಗ್ ಕಾಲದ ಉದಾರತೆಯಷ್ಟೇ ಅಲ್ಲ, ಬೇರು ಇನ್ನೂ ಆಳದಲ್ಲಿದೆ. 1975ರಲ್ಲಿ ಹುಬೆಯ ಶುಯಿಹುದಿ ಎಂಬಲ್ಲಿ ಸಣ್ಣ ಅಧಿಕಾರಿಯೊಬ್ಬನ ಗೋರಿ ತೆರೆದಾಗ ಬಿದಿರು ಪಟ್ಟಿಗಳ ಮೇಲೆ ಬರೆದ ಚಿನ್ ಕಾಲದ (ಕ್ರಿ.ಪೂ. 3ನೇ ಶತಮಾನ) ಕಾನೂನು ಸಿಕ್ಕಿತು. ಗಂಡ ಅಪರಾಧ ಮಾಡಿದಾಗ ಹೆಂಡತಿ ತಾನೇ ಮುಂದಾಗಿ ದೂರು ಕೊಟ್ಟರೆ ಅವಳು ತಂದ ಆಳುಕಾಳು, ಬಟ್ಟೆಬರೆ, ಪಾತ್ರೆಪಗಡಗಳನ್ನು ಜಪ್ತಿ ಮಾಡಬಾರದು ಎಂದು ಅದರಲ್ಲಿದೆ. ಹೆಂಡತಿಯನ್ನು ಬಿಟ್ಟು ಅದನ್ನು ಸರ್ಕಾರದಲ್ಲಿ ನೋಂದಾಯಿಸದ ಗಂಡನಿಗೆ ಎರಡು ಯುದ್ಧಕವಚದ ಬೆಲೆಯ ದಂಡ. ಅದರ ನಂತರ ಬಂದ ಹಾನ್ ರಾಜವಂಶದ ಕ್ರಿ.ಪೂ. 186ರ ಶಾಸನಗಳು ಝಾಂಗ್‌ಜಿಯಾಶಾನ್‌ನ ಗೋರಿಯಲ್ಲಿ ಸಿಕ್ಕಿವೆ. ಅವುಗಳ ಪ್ರಕಾರ ಗಂಡುಮಕ್ಕಳೂ ತಂದೆತಾಯಿಯೂ ಇಲ್ಲದಿದ್ದರೆ ಸತ್ತವನ ಹೆಂಡತಿಯೇ ಮನೆಯ ಯಜಮಾನಿ, ಅವಳ ನಂತರ ಮಗಳು. ಬಿಟ್ಟ ಹೆಂಡತಿಗೆ ಅವಳ ಸ್ವತ್ತನ್ನು ಕೊಟ್ಟು ಕಳಿಸಬೇಕು.

ಇವೆಲ್ಲಕ್ಕಿಂತ ನನಗೆ ಹೆಚ್ಚು ಹಿಡಿಸಿರುವುದು ಕ್ರಿ.ಶ. 5ನೇ ವರ್ಷದ ಒಂದು ಮರಣಶಾಸನ. ಜಿಯಾಂಗ್‌ಸು ಪ್ರಾಂತದ ಯಿಝೆಂಗ್ ಬಳಿಯ ಗೋರಿಯೊಂದರಲ್ಲಿ 1984ರಲ್ಲಿ ಸಿಕ್ಕ ಬಿದಿರು ಪಟ್ಟಿಗಳು. ಆ ಮನೆಯ ಮುದುಕಿಗೆ ಆರು ಮಕ್ಕಳು, ಮೂವರು ಬೇರೆ ಬೇರೆ ತಂದೆಯರು. ಅಧಿಕಾರಿಗಳ, ನೆರೆಯವರ ಸಾಕ್ಷಿಯಲ್ಲಿ ಬರೆಸಿದ ಪತ್ರದಲ್ಲಿ ಅವಳ ಮಾತೇ ಇದೆ. ಗುಂಗ್‌ವೆನ್ ಎಂಬ ಮಗ ಹದಿನೈದರಲ್ಲೇ ಮನೆ ಬಿಟ್ಟು ಹೋದವನು ಒಂದು ಕಾಸನ್ನೂ ಮನೆಗೆ ತರಲಿಲ್ಲ ಎಂದು ಮೊದಲು ದೂರುತ್ತಾಳೆ. ಆಸ್ತಿಯಿಲ್ಲದ ಇಬ್ಬರು ಬಡ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಒಂದು ಗದ್ದೆ, ಎರಡು ಹಿಪ್ಪುನೇರಳೆ ತೋಟ, ಇನ್ನೊಬ್ಬಳಿಗೆ ಕೆರೆಯ ಪಕ್ಕದ ಹೊಲ ಕೊಟ್ಟಿದ್ದಳಂತೆ. ಅಷ್ಟರಲ್ಲಿ ಗುಂಗ್‌ವೆನ್ ಯಾರನ್ನೋ ಗಾಯಗೊಳಿಸಿ ಶಿಕ್ಷೆಗೆ ಗುರಿಯಾಗಿ ಬರಿಗೈಯಾದ. ಹೆಣ್ಣುಮಕ್ಕಳು ಹೊಲ ತಾಯಿಗೆ ಮರಳಿಸಿದರು, ತಾಯಿ ಅದನ್ನು ಅವನಿಗೆ ಕೊಟ್ಟಳು. ಮೂರು ಸಲ ಸಂಸಾರ ಮಾಡಿದ ಹೆಂಗಸು ಹೊಲಗದ್ದೆಗಳನ್ನು ಕೈಯಿಂದ ಕೈಗೆ ದಾಟಿಸುತ್ತಾಳೆ, ಊರ ದೊಡ್ಡವರು ಪಕ್ಕದಲ್ಲಿ ನಿಂತು ಸಾಕ್ಷಿ ಹಾಕುತ್ತಾರೆ. ಕೊನೆಗೆ ಲಾಭವಾದದ್ದು ಮಾತ್ರ ದಾರಿತಪ್ಪಿದ ಮಗನಿಗೆ, ಅದೂ ಹೆಣ್ಣುಮಕ್ಕಳ ಕೈಯಿಂದಲೇ!

ಇನ್ನು ಮದುವೆ, ವಿಚ್ಛೇದನೆ. 653ರ ತಾಂಗ್ ಸಂಹಿತೆಯೇ ಮುಂದಿನ ಸಾವಿರ ವರ್ಷಕ್ಕೆ ತಳಹದಿ. ತೆರ ಸ್ವೀಕರಿಸಿದರೆ ಸಂಬಂಧ ಕುದುರಿದಂತೆ, ಪತ್ರ ಇರಲಿ ಬಿಡಲಿ. ಆಮೇಲೆ ಹೆಣ್ಣಿನವರು ಮಾತು ತಪ್ಪಿದರೆ 60 ಕೋಲೇಟು. ಗಂಡಿನವರು ತಪ್ಪಿದರೆ ಶಿಕ್ಷೆಯಿಲ್ಲ, ಕೊಟ್ಟ ತೆರ ಹೋಯಿತು ಅಷ್ಟೆ. ಹೆಂಡತಿಯನ್ನು ಬಿಡಲು ಏಳು ಕಾರಣಗಳಿದ್ದವು: ಗಂಡುಮಗು ಹೆರದಿರುವುದು, ವ್ಯಭಿಚಾರ, ಅತ್ತೆಮಾವನ ಸೇವೆ ಮಾಡದಿರುವುದು, ಬಾಯಿಬಡುಕತನ, ಕಳ್ಳತನ, ಅಸೂಯೆ, ವಾಸಿಯಾಗದ ರೋಗ. ಈ ಪಟ್ಟಿಯನ್ನು ಎಲ್ಲರೂ ಹೇಳುತ್ತಾರೆ, ಅದರ ಬೆನ್ನಿಗೇ ಇದ್ದ ತಡೆಗಳನ್ನು ಹೇಳುವುದಿಲ್ಲ. ಅತ್ತೆ ಅಥವಾ ಮಾವ ಸತ್ತಾಗ ಶೋಕಾಚರಣೆ ಪೂರೈಸಿದವಳನ್ನು, ಬಡತನದಲ್ಲಿ ಕೈಹಿಡಿದು ಸಿರಿ ಬರುವವರೆಗೆ ಜೊತೆಗಿದ್ದವಳನ್ನು, ಹೋಗಲು ತವರೇ ಇಲ್ಲದವಳನ್ನು ಬಿಡುವಂತಿಲ್ಲ. ವ್ಯಭಿಚಾರ, ಮಹಾರೋಗಕ್ಕೆ ಮಾತ್ರ ಈ ರಕ್ಷಣೆ ಅನ್ವಯಿಸದು. ಮಗ ಹುಟ್ಟಲಿಲ್ಲವೆಂದು ಬಿಡಬೇಕಾದರೂ ಹೆಂಡತಿಗೆ ಐವತ್ತು ದಾಟಿರಬೇಕು. ಕಾರಣವಿಲ್ಲದೆ ಹೊರಹಾಕಿದವನಿಗೆ ಒಂದೂವರೆ ವರ್ಷದ ಕಠಿಣ ದುಡಿಮೆ, ಒಬ್ಬಳಿರುವಾಗ ಇನ್ನೊಬ್ಬಳನ್ನು ಪತ್ನಿಯಾಗಿ ಮದುವೆಯಾದವನಿಗೆ ಒಂದು ವರ್ಷ. ಉಪಪತ್ನಿಯರನ್ನು ಮಾತ್ರ ಎಷ್ಟು ಬೇಕಾದರೂ ಕೊಂಡು ತರಬಹುದಿತ್ತು. ಅವರಿಗೆ ಬಳುವಳಿಯಿಲ್ಲ, ಅದರ ರಕ್ಷಣೆಯೂ ಇಲ್ಲ. ಇಲ್ಲಿ ನಾನು ಹೇಳುತ್ತಿರುವ ಹಕ್ಕುಗಳು ಅವರನ್ನು ಮುಟ್ಟಲೇ ಇಲ್ಲ.

ಗಂಡಹೆಂಡಿರು ಹೊಂದಿಕೆಯಾಗದೆ ಇಬ್ಬರೂ ಒಪ್ಪಿ ಬೇರೆಯಾದರೆ ಶಿಕ್ಷೆಯಿಲ್ಲ ಎಂದು ತಾಂಗ್ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ದುನ್‌ಹುವಾಂಗ್‌ನ ಗುಹೆಯಲ್ಲಿ ಸಿಕ್ಕ ಹಸ್ತಪ್ರತಿಗಳಲ್ಲಿ ಇದಕ್ಕೆ ಬೇಕಾದ ಪತ್ರದ ಮಾದರಿಗಳೂ ಇವೆ. ನಮ್ಮ ಉತ್ತರ ಕರ್ನಾಟಕದವರು ಸೋಡಚೀಟಿ ಎನ್ನುವಂಥದ್ದೇ. ಬೇರೆಯಾದ ಮೇಲೆ ಆಕೆ ಮತ್ತೆ ಮುಡಿ ಕಟ್ಟಿ, ಹುಬ್ಬು ತೀಡಿಕೊಂಡು ದೊಡ್ಡ ಅಧಿಕಾರಿಯ ಕೈಹಿಡಿಯಲಿ, ನಮ್ಮ ನಡುವೆ ಹಗೆ ಬೇಡ, ಇಬ್ಬರೂ ನೆಮ್ಮದಿಯಾಗಿರೋಣ ಎಂದು ಗಂಡನೇ ಹಾರೈಸುತ್ತಾನೆ. ಮೂರು ವರ್ಷಕ್ಕಾಗುವ ಬಟ್ಟೆ, ಕಾಳು ಕೊಡುವ ಮಾತೂ ಒಂದರಲ್ಲಿದೆ. ಬರಹಗಾರರು ನಕಲು ಮಾಡಿಕೊಳ್ಳಲು ಇಟ್ಟುಕೊಂಡಿದ್ದ ನಮೂನೆ ಇದು. ಎಲ್ಲ ಗಂಡಂದಿರೂ ಇಷ್ಟು ಸವಿಯಾಗಿ ಬೀಳ್ಕೊಟ್ಟರೆಂದು ತಿಳಿಯುವುದು ಬೇಡ.

ಹೆಂಡತಿ ಒಬ್ಬಳೇ ವಿಚ್ಛೇದನೆ ಬೇಕೆಂದರೆ? ಅಲ್ಲಿಯೇ ತೊಡಕು. ಗಂಡನ ಒಪ್ಪಿಗೆಯಿಲ್ಲದೆ ಮನೆ ಬಿಟ್ಟರೆ ಅವಳಿಗೇ ಎರಡು ವರ್ಷದ ಶಿಕ್ಷೆ. ಗಂಡ ಊರು ಬಿಟ್ಟು ಮೂರು ವರ್ಷ ಬಾರದಿದ್ದರೆ ಬೇರೆ ಮದುವೆಯಾಗಬಹುದು ಎಂಬಂಥ ಕೆಲವೇ ಕಿಂಡಿಗಳು ಸೊಂಗ್ ಕಾಲದಲ್ಲಿದ್ದವು. ಲಿ ಚಿಂಗ್‌ಝಾವ್ ಎಂಬ ಕವಯಿತ್ರಿಯ ಕಥೆ ಇದಕ್ಕೆ ಒಳ್ಳೆಯ ಸಾಕ್ಷಿ. 1084ರಲ್ಲಿ ಹುಟ್ಟಿದ ಆಕೆ, ಮೊದಲ ಗಂಡ 1129ರಲ್ಲಿ ಸತ್ತ ಮೇಲೆ 1132ರಲ್ಲಿ ಝಾಂಗ್ ರುಝೌ ಎಂಬ ಅಧಿಕಾರಿಯನ್ನು ಮದುವೆಯಾದಳು. ಅವನ ಕಣ್ಣಿದ್ದದ್ದು ಅವಳ ಬಳಿ ಉಳಿದಿದ್ದ ಪುರಾತನ ವಸ್ತುಗಳ ಸಂಗ್ರಹದ ಮೇಲೆ. ಅದು ಕೈಗೆ ಸಿಗದಾದಾಗ ಹೊಡೆಯತೊಡಗಿದ. ಹೊಡೆತವನ್ನು ಮುಂದಿಟ್ಟು ವಿಚ್ಛೇದನೆ ಪಡೆಯುವುದು ಸುಲಭವಿರಲಿಲ್ಲ. ಹಾಗಾಗಿ ಆಕೆ ಬೇರೆ ದಾರಿ ಹಿಡಿದು, ಅವನು ಸರ್ಕಾರಿ ಪರೀಕ್ಷೆಗೆ ಎಷ್ಟು ಸಲ ಕೂತಿದ್ದೇನೆಂಬ ಲೆಕ್ಕದಲ್ಲಿ ಸುಳ್ಳು ಹೇಳಿ ಹುದ್ದೆ ಗಿಟ್ಟಿಸಿದ್ದನ್ನು ಸರ್ಕಾರಕ್ಕೆ ದೂರಿದಳು. ದೂರು ನಿಜವಾಯಿತು, ಅವನು ಹುದ್ದೆ ಕಳೆದುಕೊಂಡು ಗಡೀಪಾರಾದ, ಮದುವೆ ಮುರಿಯಿತು. ಆದರೆ ಗಂಡನ ಮೇಲೆ ದೂರು ಕೊಟ್ಟ ಹೆಂಡತಿಗೆ, ದೂರು ನಿಜವಾದರೂ, ಎರಡು ವರ್ಷದ ಶಿಕ್ಷೆ ಎಂದು ಕಾನೂನಿತ್ತು. ಆಸ್ಥಾನದಲ್ಲಿದ್ದ ಬಂಧುವಿನ ಪ್ರಭಾವದಿಂದ ಆಕೆ ಒಂಬತ್ತು ದಿನಕ್ಕೆ ಸೆರೆಮನೆಯಿಂದ ಹೊರಬಂದಳು. ನೂರಾರು ವರ್ಷಗಳ ನಂತರ ಚಿಂಗ್ ಕಾಲದ ಪಂಡಿತರು ಇಂಥ ಮಹಾಕವಯಿತ್ರಿ ಮರುಮದುವೆಯಾಗಿರಲು ಸಾಧ್ಯವೇ ಇಲ್ಲ ಎಂದು ದಾಖಲೆಗಳನ್ನೇ ಅಲ್ಲಗಳೆದರು. ಈ ನಡುವೆ ಸಮಾಜ ಎಷ್ಟು ಬದಲಾಗಿತ್ತು ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಹಾಗಾದರೆ ಬದಲಾದದ್ದು ಹೇಗೆ? ತಪ್ಪನ್ನೆಲ್ಲ ಮಂಗೋಲರ ತಲೆಗೆ ಕಟ್ಟುವುದು ಚೀನೀ ಪಂಡಿತರಿಗೆ ಅನುಕೂಲ, ಆದರೆ ಬೀಜ ಬಿತ್ತಿದವರು ಆ ಪಂಡಿತರೇ. ಹಸಿವಿನಿಂದ ಸಾಯುವುದು ಸಣ್ಣ ವಿಷಯ, ಶೀಲ ಕಳೆದುಕೊಳ್ಳುವುದು ದೊಡ್ಡ ವಿಷಯ ಎಂದು ವಿಧವೆಯರ ಮರುಮದುವೆಯ ಬಗ್ಗೆ ಅಪ್ಪಣೆ ಕೊಡಿಸಿದವನು 11ನೇ ಶತಮಾನದ ತತ್ತ್ವಜ್ಞಾನಿ ಚೆಂಗ್ ಯಿ. ಅವನ ಕಾಲದಲ್ಲಿ ಇದನ್ನು ಕಿವಿಗೆ ಹಾಕಿಕೊಂಡವರು ಕಡಿಮೆ. ಅವನ ಸ್ವಂತ ತಂದೆಯೇ ಬಂಧುಗಳ ಪೈಕಿ ವಿಧವೆಯೊಬ್ಬಳನ್ನು ಕರೆತಂದು ಮತ್ತೆ ಮದುವೆ ಮಾಡಿಸಿದ್ದ. ಮುಂದೆ ಝು ಷಿ ಎಂಬ ಮಹಾ ಪಂಡಿತ ಈ ವಿಚಾರಗಳನ್ನು ಎತ್ತಿಹಿಡಿದ. ಝು ಷಿಯ ಶಿಷ್ಯನೂ ಅಳಿಯನೂ ಆದ ಹುವಾಂಗ್ ಗಾನ್ ನ್ಯಾಯಾಧೀಶನಾಗಿದ್ದಾಗ ಒಂದು ವ್ಯಾಜ್ಯ ಬಂತು. ಚೆನ್ ಮನೆತನದಲ್ಲಿ ಹುಟ್ಟಿದ ವಿಧವೆಯೊಬ್ಬಳು ಮಕ್ಕಳನ್ನು ಗಂಡನ ಮನೆಯಲ್ಲೇ ಬಿಟ್ಟು, ಬಳುವಳಿಯಾಗಿ ಬಂದಿದ್ದ 200 ಮು (ಸುಮಾರು ಮೂವತ್ತು ಎಕರೆ) ಹೊಲದ ಸಮೇತ ತವರಿಗೆ ಹೋಗಿದ್ದಳು. ಅಂದಿನ ರೂಢಿಯಲ್ಲಿ ಅದು ಅವಳದೇ. ಹುವಾಂಗ್ ಗಾನ್ ಒಪ್ಪಲಿಲ್ಲ. ತಂದೆ ಹೊಲ ಕೊಟ್ಟು ಮಗಳನ್ನು ಕಳಿಸಿದ ಮೇಲೆ ಅದು ಗಂಡನ ಮನೆಯ ಹೊಲ, ಅವಳ ಮಕ್ಕಳಿಗೇ ಸೇರಬೇಕು ಎಂದು ತೀರ್ಪು ಕೊಟ್ಟ. ಆಗ ಅದು ರೂಢಿಗೆ ವಿರುದ್ಧವಾದ ಒಂಟಿ ದನಿ, ನೂರು ವರ್ಷದೊಳಗೆ ಅದೇ ದೇಶದ ಕಾನೂನಾಯಿತು.

ಆಗುವಂತೆ ಮಾಡಿದ್ದು ಮಂಗೋಲ್ ಆಳ್ವಿಕೆ. ಮಂಗೋಲರಲ್ಲಿ ಸೊಸೆಗಾಗಿ ದೊಡ್ಡ ತೆರ ಕೊಡುತ್ತಿದ್ದರು, ಗಂಡ ಸತ್ತರೆ ಅವಳನ್ನು ಮೈದುನನೋ ಮಲಮಗನೋ ಕೂಡಿಕೊಳ್ಳುತ್ತಿದ್ದ. ಅವಳು ಮನೆಗೆ ಸೇರಿದವಳು, ಮನೆ ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲ. ಕುಬ್ಲಾಯ್ ಖಾನ್ 1270ರ ದಶಕದಲ್ಲಿ ಈ ಪದ್ಧತಿಯನ್ನು ಚೀನೀಯರಿಗೂ ವಿಸ್ತರಿಸಿದ. ಚೀನೀಯರ ಕಣ್ಣಿಗೆ ಅಣ್ಣನ ಹೆಂಡತಿಯನ್ನು ಕೂಡುವುದು ಅಗಮ್ಯಗಮನ. ತಪ್ಪಿಸಿಕೊಳ್ಳಲು ಇದ್ದ ದಾರಿ, ಮರುಮದುವೆಯಾಗದೆ ಗಂಡನ ಮನೆಯಲ್ಲೇ ಇರುತ್ತೇನೆಂದು ವಿಧವೆ ಪಣ ತೊಡುವುದು. ಒಂದು ಕಡೆ ಹೆಣ್ಣು ಗಂಡನ ಮನೆಯ ಸ್ವತ್ತು ಎನ್ನುವ ಹುಲ್ಲುಗಾವಲಿನ ರೂಢಿ, ಇನ್ನೊಂದು ಕಡೆ ಹೆಣ್ಣು ಒಬ್ಬನನ್ನೇ ನೆಚ್ಚಬೇಕು ಎನ್ನುವ ಪಂಡಿತರ ನೀತಿ. ಎರಡಕ್ಕೂ ಮೂಲದಲ್ಲಿ ಸಂಬಂಧವೇ ಇಲ್ಲ, ತಲುಪಿದ ಜಾಗ ಮಾತ್ರ ಒಂದೇ: 1303ರ ಆಜ್ಞೆ. ಮೈದುನನನ್ನು ಕೂಡುವ ಪದ್ಧತಿಯನ್ನು ಚೀನೀಯರ ಮಟ್ಟಿಗೆ 1330ರಲ್ಲಿ ನಿಷೇಧಿಸಲಾಯಿತು, ಬಳುವಳಿ ಮಾತ್ರ ಹೆಂಗಸಿನ ಕೈಗೆ ಮರಳಲಿಲ್ಲ.

ಮಿಂಗ್ ಅರಸರು 1368ರಲ್ಲಿ ಗದ್ದುಗೆ ಏರಿದವರೇ, ಮೂವತ್ತರೊಳಗೆ ವಿಧವೆಯಾಗಿ ಐವತ್ತು ದಾಟುವವರೆಗೆ ಮರುಮದುವೆಯಾಗದವಳಿಗೆ ಗೌರವವನ್ನೂ ಅವಳ ಮನೆಗೆ ಬಿಟ್ಟಿ ಚಾಕರಿಯಿಂದ ವಿನಾಯಿತಿಯನ್ನೂ ಕೊಟ್ಟರು. ಮಗನಿಲ್ಲದ ವಿಧವೆ ಗಂಡನ ಪಾಲನ್ನು ಇಟ್ಟುಕೊಳ್ಳಬಹುದು, ಆದರೆ ಕುಲದ ಹಿರಿಯರು ಆರಿಸಿದ ಹುಡುಗನನ್ನು ದತ್ತು ತೆಗೆದುಕೊಳ್ಳಬೇಕು. ಮರುಮದುವೆಯಾದರೆ ಗಂಡನ ಆಸ್ತಿಯೂ ಬಳುವಳಿಯೂ ಎರಡೂ ಕೈತಪ್ಪುತ್ತವೆ. ಮಗಳಿಗೆ ತಂದೆಯ ಆಸ್ತಿ ಬರಬೇಕಾದರೆ ಇಡೀ ಕುಲದಲ್ಲಿ ದತ್ತಕ್ಕೆ ಒಬ್ಬ ಹುಡುಗನೂ ಸಿಗದಂತಿರಬೇಕು.

ಈ ನಿಯಮ ಚಿಂಗ್ ಕಾಲದಲ್ಲಿ (1644–1911) ಮನೆಮನೆಗಳಲ್ಲಿ ಏನು ಮಾಡಿತು ಎಂಬುದನ್ನು ಕೋರ್ಟಿನ ಕಡತಗಳಲ್ಲಿ ನೋಡಬೇಕು. ಶೀಲವಂತ ವಿಧವೆ ಎಂಬುದು ಬರೀ ಬಿರುದಾಗಿ ಉಳಿಯಲಿಲ್ಲ, ಆಸ್ತಿಯ ಹಕ್ಕುಪತ್ರವೇ ಆಯಿತು. ಅವಳು ಒಂಟಿಯಾಗಿರುವಷ್ಟು ಕಾಲ ಗಂಡನ ಹೊಲ ಅವಳ ಕೈಯಲ್ಲಿ, ಅದನ್ನು ಮುಟ್ಟಲು ಭಾವ ಮೈದುನರಿಗೆ ಅಧಿಕಾರವಿಲ್ಲ. ಆದ್ದರಿಂದ ಸಾರ್ವಜನಿಕವಾಗಿ ಪಾತಿವ್ರತ್ಯವನ್ನು ಕೊಂಡಾಡುವ ಅದೇ ದಾಯಾದಿಗಳು ಒಳಗಿಂದೊಳಗೆ ಅವಳನ್ನು ಹೊರದೂಡಲು ನೋಡುತ್ತಿದ್ದರು. ಒತ್ತಾಯದಿಂದ ಬೇರೆಯವನಿಗೆ ಕಟ್ಟಿದರೆ ತೆರವೂ ಸಿಗುತ್ತದೆ, ಹೊಲವೂ ಉಳಿಯುತ್ತದೆ. ಅದಾಗದಿದ್ದರೆ ಆಳಿನೊಂದಿಗೆ ಸಂಬಂಧವಿದೆ ಎಂದು ಪಿರ್ಯಾದು. ಹೊಲವೇ ಇಲ್ಲದ ಬಡವರ ಮನೆಯಲ್ಲಿ ವಿಧವೆಗೆ ಇಂಥ ಆಯ್ಕೆಯೂ ಇರಲಿಲ್ಲ, ಬದುಕಬೇಕಾದರೆ ಮದುವೆಯಾಗಲೇಬೇಕು. ಬಡತನಕ್ಕೆ ಗಂಡನೇ ಹೆಂಡತಿಯನ್ನು ಪತ್ರ ಬರೆದು ಮಾರಿದ ಪ್ರಕರಣಗಳು ಚೋಂಗ್‌ಚಿಂಗ್ ಬಳಿಯ ಬಾ ಜಿಲ್ಲೆಯ ಕಡತಗಳಲ್ಲಿ ಧಾರಾಳವಾಗಿವೆ. ಕಾನೂನಿನಲ್ಲಿ ಅದು ಅಪರಾಧ, ಊರಿನಲ್ಲಿ ರೂಢಿ.

ಕಾಲು ಕಟ್ಟುವ ವಿಷಯ ಕೇಳಿದಿರಿ. ಅದು ಹಕ್ಕುಗಳು ಕುಸಿದ ಮೇಲೆ ಬಂದ ಪದ್ಧತಿಯೆಂದು ಊಹಿಸಬೇಡಿ. ಫುಝೌದಲ್ಲಿ 1975ರಲ್ಲಿ ಹುವಾಂಗ್ ಶೆಂಗ್ ಎಂಬ ಹುಡುಗಿಯ ಗೋರಿ ಸಿಕ್ಕಿತು. ಅಧಿಕಾರಿಯ ಮಗಳು, ಮದುವೆಯಾದ ಮರುವರ್ಷವೇ 1243ರಲ್ಲಿ ಹದಿಹರೆಯದಲ್ಲಿ ತೀರಿಕೊಂಡವಳು. ನೂರಾರು ರೇಷ್ಮೆ ಬಟ್ಟೆಗಳ ಜೊತೆ ಕಟ್ಟಿದ ಪಾದಕ್ಕೆ ಹೊಲಿದ ಪುಟ್ಟ ಮೆಟ್ಟುಗಳೂ ಅಲ್ಲಿದ್ದವು. ಬಳುವಳಿಯ ಹಕ್ಕು ಅತಿ ಗಟ್ಟಿಯಾಗಿದ್ದ ಕಾಲದಲ್ಲೇ, ಆ ಹಕ್ಕಿದ್ದ ಸಿರಿವಂತ ಮನೆಗಳಲ್ಲೇ ಕಾಲು ಕಟ್ಟುವುದು ಹರಡಿದ್ದು.

ಗಂಡುಹೆಣ್ಣಿಗೆ ಸಮಪಾಲು ಎಂಬ ಕಾನೂನು ಬಂದದ್ದು 1931ರಲ್ಲಿ, ಗಣರಾಜ್ಯದ ಸಿವಿಲ್ ಸಂಹಿತೆಯೊಂದಿಗೆ. ಮಗಳಿಗೆ ಮಗನಷ್ಟೇ ಪಾಲು, ಕುಲದ ಹುಡುಗನನ್ನು ದತ್ತು ತೆಗೆದುಕೊಳ್ಳುವ ಬಲವಂತವೂ ಹೋಯಿತು. ಆದರೆ ಹಳೆಯ ಕಾನೂನಿನಡಿ ಮಗನಿಲ್ಲದ ವಿಧವೆ ಗಂಡನ ಇಡೀ ಆಸ್ತಿಯನ್ನು ಬದುಕಿರುವವರೆಗೆ ಕೈಯಲ್ಲಿಟ್ಟುಕೊಳ್ಳುತ್ತಿದ್ದಳು. ಹೊಸ ಸಂಹಿತೆಯಲ್ಲಿ ಅವಳೂ ಹಲವು ವಾರಸುದಾರರಲ್ಲಿ ಒಬ್ಬಳು. ಅತ್ತೆಮಾವ ಬದುಕಿದ್ದರೆ ಅವರಿಗೂ ಪಾಲು ಕೊಟ್ಟು ಉಳಿದದ್ದಷ್ಟೇ ಅವಳದು.